ಬಾನೆಟ್ಟಿಗೊಂದು ಗವಾಕ್ಷಿ

ನಮ್ಮ ಹಳೇ ಮನೆಗಳ ಅಡುಗೆಕೋಣೆ ನೆನಪಿದೆಯಾ? ಹೊಗೆ, ಬಿಸಿ ಎಲ್ಲಾ ಗವಾಕ್ಷಿಯಿಂದ ಹೊರಗೆ. ಸ್ಪೋರ್ಟ್ಸ್ ಕಾರಿನ ಬಾನೆಟ್ ಕತ್ತರಿಸಿ ವೆಂಟ್ ಕೂರಿಸುವವರು ಮಾಡೋದೂ ಇದನ್ನೇ.

1989ರಲ್ಲಿ ಬಂದ ಮಜ್ದಾ ಮಿಯಾಟಾವನ್ನೇ ತಗೊಳ್ಳಿ. ರಸ್ತೆಯಲ್ಲಿ ಅದಕ್ಕೇನೂ ತೊಂದರೆಯಿಲ್ಲ. ರೇಸ್ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಓಡಿಸಿದರೆ ಟೆಂಪರೇಚರ್ ಮುಳ್ಳು ಏರಬಹುದು. ಯಾಕೆ? ಗಾಳಿ ಒಳಗೆ ಬರೋಕೆ ಬಾಗಿಲಿದೆ, ಹೊರಗೆ ಹೋಗೋಕೆ ಸಲೀಸಾದ ದಾರಿಯಿಲ್ಲ. ಒಳಗೆ ಒತ್ತಡ ಕಟ್ಟಿಕೊಂಡರೆ ರೇಡಿಯೇಟರ್ ದಾಟುವ ಹೊಸ ಗಾಳಿ ಕಡಿಮೆಯಾಗುತ್ತೆ. ನಿರ್ಲಕ್ಷಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ, ಕೊನೆಗೆ ಎಂಜಿನ್ನೇ ಕೈಕೊಡುತ್ತೆ.

ಹಾಗಂತ ಎಲ್ಲೆಂದರಲ್ಲಿ ಕೊರೆಯೋ ಹಾಗಿಲ್ಲ. ಮುಂದಿನ ಗಾಜಿನ ಬುಡಕ್ಕೆ ಎದುರುಗಾಳಿ ಗುದ್ದಿ ಒತ್ತಡ ಹೆಚ್ಚಿರುತ್ತೆ. ಅಲ್ಲಿ ಕೊರೆದರೆ ಬಿಸಿಗಾಳಿ ಹೊರಬರೋದಲ್ಲ, ಹೊರಗಿನ ಗಾಳಿಯೇ ಒಳನುಗ್ಗಬಹುದು. ರೇಡಿಯೇಟರಿನ ಸ್ವಲ್ಪ ಹಿಂದೆ, ಬಾನೆಟ್ ಮೇಲೆ ಒತ್ತಡ ಕಡಿಮೆಯಿರುವ ಜಾಗವೇ ಸರಿ. ಒಳಗಿನ ಆಧಾರಪಟ್ಟಿಗಳನ್ನು ಬೇಕಾಬಿಟ್ಟಿ ಕತ್ತರಿಸಿದರೆ ಬಾನೆಟ್ಟಿನ ಗಟ್ಟಿತನವೇ ಹೋಯ್ತು.

ನಾನು ಹೇಳೋದಿಷ್ಟೇ. ಕೂಲೆಂಟ್ ಸೋರ್ತಿದ್ರೆ, ರೇಡಿಯೇಟರ್ ಕಟ್ಟಿಕೊಂಡಿದ್ರೆ ಮೊದಲು ಅದನ್ನ ಸರಿಮಾಡಿಸಿ. ಕಾಯಿಲೆ ಒಂದು ಕಡೆ, ಕತ್ತರಿ ಇನ್ನೊಂದು ಕಡೆ ಆಗಬಾರದು. ಕೊರೆದ ತಗಡನ್ನ ಮತ್ತೆ ಹೊಲಿಯೋಕೆ ಬರಲ್ಲ ಸ್ವಾಮಿ!