ಕಾರಿನೊಳಗಿನ ಕೆಸರು

ಶ್ರಾವಣದ ಮಳೆಯಲ್ಲಿ ಶೃಂಗೇರಿ, ಆಗುಂಬೆಗಳ ಕಡೆ ಹೋಗಿ ಬಂದ ಸಂಸಾರದ ಕಾರನ್ನು ಮರುದಿನ ಬೆಳಿಗ್ಗೆ ತೆರೆದು ನೋಡಬೇಕು. ಕುಂಕುಮ ಪ್ರಸಾದಗಳು ಮನೆಯೊಳಗೆ ಸೇರಿರುತ್ತವೆ. ಮಲೆನಾಡಿನ ಅರ್ಧ ಸೇರು ಮಣ್ಣು ಮಾತ್ರ ಕಾರಿನ ತಳದಲ್ಲಿಯೇ ಉಳಿದಿರುತ್ತದೆ. “ಒಂದು ಬಕೆಟ್ ನೀರು ಹುಯ್ದರಾಯಿತು” ಎಂದು ಯಜಮಾನರು ಪಂಚೆಯನ್ನು ಎತ್ತಿ ಕಟ್ಟುವುದೂ ಉಂಟು. ಮನೆಯಾಕೆ ಆ ಬಕೆಟನ್ನು ಕೂಡಲೇ ಕೆಳಗಿಡಿಸುವುದು ಲೇಸು.

ಏಕೆಂದರೆ ಕಣ್ಣಿಗೆ ಕಾಣುವ ಕಾರ್ಪೆಟ್ಟಿನ ಅಡಿಯಲ್ಲಿ ಸ್ಪಂಜಿನಂತಹ ದಪ್ಪನೆಯ ಪದರವೊಂದಿರುತ್ತದೆ. ಅದು ಕುಡಿದ ನೀರನ್ನು ಬೇಗನೆ ಬಿಡುವುದಿಲ್ಲ. ಮೇಲೆ ಒಣಗಿದಂತೆ ತೋರಿದರೂ ಒಳಗಿನ ತೇವ ತಗಡಿಗೆ ತುಕ್ಕು ಹಿಡಿಸುತ್ತದೆ. ಈಗಿನ ಅನೇಕ ಕಾರುಗಳಲ್ಲಿ ಗಾಳಿಚೀಲಕ್ಕೆ ಸಂಬಂಧಿಸಿದ ತಂತಿಗಳ ಜೋಡಣೆಯೂ ಆಸನದ ಕೆಳಗೇ ಇರುತ್ತದೆ. ಪಂಕದಲ್ಲಿ ಹುಟ್ಟಿದ್ದು ಪಂಕಜ ಎಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಕಾರಿನ ಪಂಕದಲ್ಲಿ ಹುಟ್ಟುವುದು ಬೂಷ್ಟು. ಕಿಟಕಿ ಮುಚ್ಚಿದ ಕಾರಿನಲ್ಲಿ ಆ ಬೂಷ್ಟಿನ ಗಾಳಿಯನ್ನು ಉಸಿರಾಡುವುದು ಉಬ್ಬಸವಿರುವ ಮಕ್ಕಳಿಗೆ ಒಳ್ಳೆಯದಲ್ಲ.

ಬೇಗನೆ ಶುಚಿ ಮಾಡಬೇಕೆನ್ನುವವರು ಮೊದಲು ತಾಳ್ಮೆ ವಹಿಸಬೇಕೆಂಬುದು ವಿಚಿತ್ರವಾದರೂ ನಿಜ. ಜೇಡಿಯ ಕಣ ಮಿಲಿಮೀಟರಿನ ಐನೂರರಲ್ಲೊಂದು ಪಾಲಿಗಿಂತಲೂ ಸಣ್ಣದು. ಹಸಿಯಾಗಿರುವಾಗ ಉಜ್ಜಿದರೆ ಅದು ನೂಲಿನ ಬುಡಕ್ಕೆ ಇಳಿಯುತ್ತದೆ. ದಪ್ಪ ಮುದ್ದೆಗಳನ್ನು ಹಳೆಯ ಚಮಚದಿಂದ ಎತ್ತಿಹಾಕಿ, ಹಳೆಯ ವೃತ್ತಪತ್ರಿಕೆಯನ್ನು ಒತ್ತಿ ನೀರನ್ನು ಹೀರಿಸಿ, ಬಾಗಿಲು ತೆರೆದಿಟ್ಟು ಒಣಗಲು ಬಿಡಬೇಕು. ಬಿಸಿಲಿಲ್ಲದ ದಿನ ಕಾರಿನ ಎ.ಸಿ.ಯನ್ನು ಸ್ವಲ್ಪ ಹೊತ್ತು ಓಡಿಸಿದರೆ ಅದೂ ತೇವವನ್ನು ಹೀರುತ್ತದೆ. ಆದರೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಮಣ್ಣು ಒಣಗಿದ ತರುವಾಯ ಒರಟು ಬ್ರಷ್ಷಿನಿಂದ ತಟ್ಟಿ, ಪುಡಿಯನ್ನು ವ್ಯಾಕ್ಯೂಮ್ ಯಂತ್ರದಿಂದ ಎಳೆದರೆ ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ಮಣ್ಣಿನ ಜಾತಿಯನ್ನೂ ಗಮನಿಸಬೇಕು. ಧಾರವಾಡ, ವಿಜಯಪುರಗಳ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬಿ ಅಂಟಿನಂತೆ ಹಿಡಿಯುತ್ತದೆ. ನೋಡಿದರೆ ಎದೆ ಝಲ್ಲೆನ್ನುವುದು ಅದೇ. ಆದರೆ ಒಣಗಿದಾಗ ಕುಗ್ಗಿ, ಹೊಲದಲ್ಲಿ ಬಿರಿಯುವಂತೆಯೇ ಇಲ್ಲಿಯೂ ಬಿರಿದು ಹೆಕ್ಕಳಿಕೆಯಾಗಿ ಏಳುತ್ತದೆ. ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಮಣ್ಣು ಸುಲಭವಾಗಿ ಉದುರಿದರೂ ಕೆಂಪು ಕಲೆಯನ್ನು ಉಳಿಸಿ ಹೋಗುತ್ತದೆ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಇದಕ್ಕೆ ಬ್ಲೀಚಿಂಗ್ ಪುಡಿ ಸಲ್ಲದು. ಕಬ್ಬಿಣದ ಕಲೆ ಅದರಿಂದ ಮತ್ತಷ್ಟು ಗಟ್ಟಿಯಾಗುವ ಸಂಭವವೇ ಹೆಚ್ಚು. ಸಾಬೂನಿನ ನೊರೆಯನ್ನಷ್ಟೇ ಬಟ್ಟೆಗೆ ತೆಗೆದುಕೊಂಡು ಒತ್ತಿ, ಮತ್ತೊಂದು ಒಣ ಬಟ್ಟೆಯಿಂದ ಹೀರಿಸಬೇಕು. ಬಟ್ಟೆ ಕೆಂಪಾಗುವುದು ನಿಲ್ಲುವವರೆಗೆ ಹೀಗೆಯೇ.

ಇದೆಲ್ಲ ಚಪ್ಪಲಿಯೊಡನೆ ಬಂದ ಕೆಸರಿನ ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಆದಂತೆ ನೆರೆಯ ನೀರೇ ಕಾರಿನೊಳಗೆ ನಿಂತಿದ್ದರೆ ಎಂಜಿನನ್ನು ಚಾಲೂ ಮಾಡದೆ ಮೆಕ್ಯಾನಿಕನನ್ನು ಕರೆಸಬೇಕು.

ರಬ್ಬರ್ ಮ್ಯಾಟುಗಳನ್ನು ಮಾತ್ರ ಹೊರಗೆ ತೆಗೆದು ಧಾರಾಳವಾಗಿ ತೊಳೆಯಬಹುದು. ಎರಡು ಮಗ್ಗುಲೂ ಒಣಗುವ ಮುನ್ನ ಮರಳಿ ಹಾಸಬಾರದು. ಮ್ಯಾಟಿಗಾಗಲಿ ಪೆಡಲಿನ ರಬ್ಬರಿಗಾಗಲಿ ಹೊಳಪಿನ ದ್ರವ ಬಳಿಯುವುದು ಅಪಾಯಕರ. ಬ್ರೇಕಿನ ಮೇಲೆ ಕಾಲು ಜಾರುತ್ತದೆ. ಒಂದು ಮ್ಯಾಟಿನ ಮೇಲೆ ಇನ್ನೊಂದನ್ನು ಹಾಸುವ ಮಿತವ್ಯಯವೂ ಬೇಡ. ಜರುಗಿದ ಮ್ಯಾಟು ವೇಗವರ್ಧಕದ ಪೆಡಲನ್ನು ಒತ್ತಿಹಿಡಿಯಬಹುದೆಂಬ ಕಾರಣಕ್ಕೆ 2009ರಲ್ಲಿ ಟೊಯೋಟಾ ಸಂಸ್ಥೆ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳ ಬಗ್ಗೆ ಎಚ್ಚರಿಕೆ ಕೊಟ್ಟು ಸರಿಪಡಿಸಲು ಮುಂದಾಯಿತು. ಆದುದರಿಂದ ಚಾಲಕನ ಕಡೆಯ ಮ್ಯಾಟನ್ನು ಕೊಕ್ಕೆಗೆ ಸಿಕ್ಕಿಸಿ, ಎಂಜಿನ್ ನಿಂತಿರುವಾಗಲೇ ಮೂರು ಪೆಡಲುಗಳನ್ನೂ ಒಮ್ಮೆ ಪೂರ್ತಿ ಒತ್ತಿ ಬಿಟ್ಟು ನೋಡಬೇಕು.