ಸರ್ಕಾರಿ ಕಾಮಗಾರಿ: ಸಹಿ ಯಾರದು?

ನಮ್ಮ ಮಾಮು ಸಣ್ಣ ಘಟಕದಲ್ಲಿ ಸಿಮೆಂಟ್ ಬ್ಲಾಕ್ ಮಾಡುತ್ತಾರೆ. ಒಂದು ಸರ್ಕಾರಿ ಕಾಮಗಾರಿಯ ಉಪಗುತ್ತಿಗೆದಾರರಿಗೆ ಮಾಲು ಕೊಟ್ಟು ವರ್ಷವಾಯಿತು, ಹಣ ಬಂದಿಲ್ಲ. ‘ಸರ್ಕಾರದ ಕೆಲಸ, ದುಡ್ಡು ಎಲ್ಲಿಗೆ ಹೋಗುತ್ತದೆ?’ ಎಂದು ನಂಬಿದ್ದರು. ಕಚೇರಿಗೆ ಹೋದರೆ, ‘ನಿಮಗೂ ನಮಗೂ ಕರಾರೇ ಇಲ್ಲ’ ಎಂಬ ಉತ್ತರ ಸಿಕ್ಕಿತು.

ಕೇಳಲು ಕಹಿಯಾದರೂ ಕಾನೂನು ಹಾಗೆಯೇ ಇದೆ. ಸಾಮಾನ್ಯವಾಗಿ ಕರಾರು ಮಾಡಿಕೊಂಡವರು ಮಾತ್ರ ಅದರ ಮೇಲೆ ದಾವೆ ಹೂಡಬಹುದು. ಕುಮಟಾ, ಹೊನ್ನಾವರ, ಭಟ್ಕಳದ ಮೂಲಕ ಹಾದುಹೋಗುವ ಹೆದ್ದಾರಿ 66ನ್ನೇ ನೋಡಿ. ಗೋವಾ ಗಡಿಯಿಂದ ಕುಂದಾಪುರದವರೆಗಿನ ಸುಮಾರು 187 ಕಿ.ಮೀ. ಚತುಷ್ಪಥಕ್ಕೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕರಾರು ಇರುವುದು ಒಂದು ಕಂಪನಿಯೊಂದಿಗೆ. ಇಂಥ ಕೆಲಸಗಳಲ್ಲಿ ಕಂಪನಿ ಉಪಗುತ್ತಿಗೆ ಕೊಟ್ಟರೆ ಅದು ಬೇರೆ ಕರಾರು. ಉಪಗುತ್ತಿಗೆದಾರರು ಜಲ್ಲಿ, ಬ್ಲಾಕ್ ಕೊಂಡರೆ ಅದು ಮತ್ತೊಂದು. ಸರಪಳಿ ಒಂದೇ, ಕೊಂಡಿಗಳು ಬೇರೆ ಬೇರೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ, ಸಣ್ಣ ಉತ್ಪಾದಕರಿಗೆ ಖರೀದಿದಾರರು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಮಾಲು ಕೊಡುವ ಮೊದಲೇ ‘ಉದ್ಯಮ್’ ನೋಂದಣಿ ಮಾಡಿಸಿರುವುದು ಕ್ಷೇಮ.

ಮಾಮು ನೋಂದಣಿ ಮಾಡಿಸಿರಲಿಲ್ಲ. ಡೈರಿಯಲ್ಲಿ ಲೆಕ್ಕವಿತ್ತು, ಮಾಲು ಪಡೆದವರ ಸಹಿ ಇರಲಿಲ್ಲ. ಸಿವಿಲ್ ದಾವೆಗೂ ಸಾಮಾನ್ಯವಾಗಿ ಮೂರೇ ವರ್ಷದ ಗಡುವು. ಈಗ ವಕೀಲರನ್ನು ಕಾಣುತ್ತಿದ್ದಾರೆ.

ನಮ್ಮಲ್ಲಿ ಹಲವರ ಮನೆಯಲ್ಲಿ ಇಂಥ ವ್ಯವಹಾರವಿದೆ. ಇಂದೇ ಮನೆಯಲ್ಲಿ ಕೇಳಿ: ಬಿಲ್ ಇದೆಯೇ, ಸಹಿ ಯಾರದು? ಮಾಮುವಿನ ಬಿಲ್ ಬರೆಯುವ ಕೆಲಸ ಈಗ ನನ್ನದು. ಸಹಿಯಿಲ್ಲದೆ ಲಾರಿ ಹೊರಡುವುದಿಲ್ಲ.