ಆಟಕ್ಕೆ ತಕ್ಕ ಸಾಮು

ಜಾತ್ರೆಯ ದಿನಗಳು ಬಂದವೆಂದರೆ ನಮ್ಮ ನಾಡಿನ ಅನೇಕ ಊರುಗಳಲ್ಲಿ ರಥೋತ್ಸವದ ಬೆನ್ನಿಗೇ ಕುಸ್ತಿಯ ಕಣವೂ ಸಿದ್ಧವಾಗುತ್ತದೆ. ಸುತ್ತೂರಿನ ಜಾತ್ರಾ ಮಹೋತ್ಸವದಲ್ಲಿ ಕುಸ್ತಿ ಪಂದ್ಯಾವಳಿಗೆ ದೊರೆಯುವ ಸ್ಥಾನವನ್ನು ವಾಚಕರು ಬಲ್ಲರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ತರುಣನನ್ನು ಊರೇ ನೆರೆದು ನೋಡುತ್ತದೆ. ಕಾಯಕವನ್ನು ಎತ್ತಿ ಹಿಡಿದ ಶರಣರ ಪರಂಪರೆಯಲ್ಲಿ ಕಾಯವು ತುಚ್ಛವಾದುದಲ್ಲ. ಆದರೂ ಮನೆಯ ಮಗನೋ ಮಗಳೋ ಕ್ರೀಡೆಯಲ್ಲಿ ಮುಂದೆ ಬರಬೇಕೆಂದು ಹಂಬಲಿಸಿದಾಗ, ಆ ಮಗುವಿಗೆ ಯಾವ ಬಗೆಯ ಅಭ್ಯಾಸ ಬೇಕೆಂಬ ವಿಚಾರದಲ್ಲಿ ನಾವು ತೀರ ಉದಾಸೀನರಾಗಿರುತ್ತೇವೆ. ಓಟಗಾರನಿಗೂ ಪೈಲ್ವಾನನಿಗೂ ಖೋ-ಖೋ ಆಡುವ ಹುಡುಗಿಗೂ ಮೈದಾನದ ಹತ್ತು ಸುತ್ತೇ ಗತಿ ಎಂಬ ಪದ್ಧತಿ ಅನೇಕ ಶಾಲೆಗಳಲ್ಲಿ ಇಂದಿಗೂ ಉಂಟು. ಇದರಿಂದ ಪ್ರತಿಭೆ ಬಾಡುತ್ತದೆ, ಕೆಲವೊಮ್ಮೆ ಮೊಣಕಾಲೂ ಕೆಡುತ್ತದೆ.

ನಮ್ಮ ಸ್ನಾಯುಗಳಲ್ಲಿ ಸ್ಥೂಲವಾಗಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆಯವು ನಿಧಾನವಾಗಿ ಸಂಕೋಚಗೊಂಡು ಬಹುಕಾಲ ದಣಿಯದೆ ದುಡಿಯುತ್ತವೆ. ಇನ್ನೊಂದು ಬಗೆಯವು ಥಟ್ಟನೆ ಸಂಕೋಚಗೊಂಡು ಬೇಗನೆ ದಣಿಯುತ್ತವೆ. ನೂರು ಮೀಟರ್ ಓಟಗಾರನ ಬಂಡವಾಳವೆಲ್ಲ ಎರಡನೆಯ ಬಗೆಯ ಎಳೆಗಳೇ. ಪೂರ್ಣ ವೇಗದ ಓಟಕ್ಕೆ ಸ್ನಾಯುವಿನಲ್ಲಿಯೇ ಸಂಗ್ರಹವಾಗಿರುವ ತತ್‌ಕ್ಷಣದ ಇಂಧನವು ಹತ್ತು ಸೆಕೆಂಡುಗಳೊಳಗಾಗಿಯೇ ಬಹುಮಟ್ಟಿಗೆ ಖರ್ಚಾಗಿ, ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷಗಳು ಬೇಕಾಗುತ್ತವೆ. ಆದುದರಿಂದ ವೇಗದ ಅಭ್ಯಾಸವೆಂದರೆ 30ರಿಂದ 60 ಮೀಟರುಗಳ ಪೂರ್ಣ ವೇಗದ ಓಟ, ಬಳಿಕ ಮೂರು ನಾಲ್ಕು ನಿಮಿಷಗಳ ವಿಶ್ರಾಂತಿ, ಮತ್ತೆ ಓಟ. ಒಂದು ದಿನಕ್ಕೆ ಇಂಥವು ಐದಾರು ಸಾಕು. ಮೈದಾನದ ಅಂಚಿನಲ್ಲಿ ನಿಂತ ತಂದೆಗೆ ಮಗನು ಓಡುವುದಕ್ಕಿಂತ ಕೂಡುವುದೇ ಹೆಚ್ಚಾಗಿ ಕಂಡೀತು! ಆದರೆ ದಣಿದ ಕಾಲುಗಳಿಂದ ಓಡುವವನು ನಿಧಾನವಾಗಿ ಓಡುವುದನ್ನೇ ರೂಢಿಸಿಕೊಳ್ಳುತ್ತಾನೆ. ವೇಗದ ಅಭ್ಯಾಸವು ದಿನದ ಮೊದಲಿಗೆ, ಮೈ ಕಾದ ಮೇಲೆ, ದಣಿವಿಲ್ಲದಾಗಲೇ ನಡೆಯಬೇಕು.

ಇನ್ನು ನಮ್ಮ ಗರಡಿಮನೆಗಳ ಮಾತು. ಮಟ್ಟಿಯನ್ನು ಹದಗೊಳಿಸುವುದು, ನೂರಾರು ದಂಡ ಮತ್ತು ಬಸ್ಕಿ, ಗದೆ ತಿರುಗಿಸುವುದು, ಹಗ್ಗ ಹತ್ತುವುದು, ಇವೆಲ್ಲ ಹಿಂದಿನ ವಸ್ತಾದರು ಅನುಭವದಿಂದ ಕಂಡುಕೊಂಡ ಸಾಮು. ಹಗ್ಗ ಹತ್ತಿದವನ ಹಿಡಿತಕ್ಕೆ ಸಾಟಿಯಿಲ್ಲ. ಗದೆಯಿಂದ ಹೆಗಲು ಗಟ್ಟಿಯಾಗುತ್ತದೆ. ಆದರೆ ಐನೂರು ಬಸ್ಕಿ ಹೊಡೆಯುವುದರಿಂದ ಹೆಚ್ಚಾಗಿ ಬೆಳೆಯುವುದು ತಾಳಿಕೆಯೇ ಹೊರತು ಸ್ಫೋಟಕ ಬಲವಲ್ಲ. ಮಣ್ಣಿನ ಕುಸ್ತಿ ಬಹಳ ಹೊತ್ತು ನಡೆಯುತ್ತಿದ್ದ ಕಾಲಕ್ಕೆ ಅದು ತಕ್ಕುದಾಗಿತ್ತು. ಇಂದು ಮ್ಯಾಟಿನ ಮೇಲಿನ ಪಂದ್ಯವು ಮೂರು ಮೂರು ನಿಮಿಷಗಳ ಎರಡು ಅವಧಿಗಳಲ್ಲಿ ಮುಗಿಯುತ್ತದೆ. ಒಂದು ಕ್ಷಣದ ಎತ್ತುವಿಕೆ ಫಲಿತಾಂಶವನ್ನು ನಿರ್ಧರಿಸುತ್ತದೆ. 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕಿಲೋ ವಿಭಾಗದಲ್ಲಿ ಕಂಚಿನ ಪದಕ ಪಡೆದ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರ ಗ್ರೀಕೋ-ರೋಮನ್ ಪದ್ಧತಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತೆಯೇ ಇಲ್ಲ. ಅಲ್ಲಿ ಬೆನ್ನು, ಎದೆ, ತೋಳುಗಳೇ ಸರ್ವಸ್ವ. ಆದುದರಿಂದ ಬಸ್ಕಿಯನ್ನು ಬಿಡಬೇಕಿಲ್ಲ. ಅದರ ಜೊತೆಗೆ ಭಾರವಾದ ತೂಕವನ್ನು ನಾಲ್ಕೈದೇ ಸಲ ಎತ್ತುವ ಅಭ್ಯಾಸವೂ ಸೇರಬೇಕು.

ಬಲ ಬೇರೆ, ವೇಗ ಬೇರೆ ಎಂದು ತಿಳಿಯುವುದೂ ಅಷ್ಟೇ ಅಸಮಂಜಸ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಅದರಲ್ಲಿ ಒಂದು ಎತ್ತುವಿಕೆಯೇ 138 ಕಿಲೋ. ಅಂದರೆ ಅವರ ತೂಕದ ಸುಮಾರು ಎರಡೂವರೆ ಪಟ್ಟು. ಅಷ್ಟು ಭಾರವು ಮೆಲ್ಲಗೆ ಏರುವುದಿಲ್ಲ. ಕಬ್ಬಿಣವು ರಭಸದಿಂದ ಮೇಲೆ ಚಿಮ್ಮಬೇಕು, ಕಣ್ಣೆವೆಯಿಕ್ಕುವುದರೊಳಗೆ ದೇಹವು ಅದರ ಕೆಳಗೆ ಸೇರಬೇಕು. ಮೈಸೂರಿನಲ್ಲಿ ಜನಿಸಿದ ವಿಕಾಸ ಗೌಡರು 2014ರಲ್ಲಿ ಗ್ಲಾಸ್ಗೋ ನಗರದಲ್ಲಿ ಚಿನ್ನ ಗೆದ್ದುದು ಚಕ್ರ ಎಸೆತದಲ್ಲಿ. ಆ ಚಕ್ರದ ತೂಕ ಎರಡೇ ಕಿಲೋ. ಅದನ್ನು ದೂರಕ್ಕೊಯ್ಯುವುದು ಬಿಡುವ ಗಳಿಗೆಯ ವೇಗ, ಆ ವೇಗವನ್ನು ಹುಟ್ಟಿಸುವುದು ತೊಡೆ ಮತ್ತು ಸೊಂಟದ ಬಲ. ದೂರದ ಓಟಗಾರರಿಗೂ ವಾರಕ್ಕೆರಡು ದಿನ ತೂಕದ ಅಭ್ಯಾಸವು ಹಿತವೇ. ಅದರಿಂದ ಅದೇ ವೇಗಕ್ಕೆ ತಗಲುವ ಶಕ್ತಿ ಕಡಿಮೆಯಾಗುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿ ದೇಶವೇ ಸಂಭ್ರಮಿಸಿತು. ಆದರೆ ಕೋಣಗಳ ಸೆಳೆತದೊಡನೆ ಕೆಸರಿನಲ್ಲಿ ಓಡುವ ಬಲವೇ ಬೇರೆ, ಒಂಟಿಯಾಗಿ ಟ್ರ್ಯಾಕಿನಲ್ಲಿ ಓಡುವ ಬಲವೇ ಬೇರೆ. ಒಂದರ ವೀರನನ್ನು ಇನ್ನೊಂದರ ಅಳತೆಗೋಲಿಗೆ ಹಿಡಿಯುವುದು ಇಬ್ಬರಿಗೂ ಅನ್ಯಾಯ.

ಹೆಣ್ಣುಮಕ್ಕಳ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ನಾಡಿನ ಚೈತ್ರಾ ಇದ್ದರು. ಖೋ-ಖೋ ಆಟದಲ್ಲಿ ಓಡುವುದಕ್ಕಿಂತ ಕಠಿಣವಾದುದು ನಿಲ್ಲುವುದು: ಪೂರ್ಣ ವೇಗದಲ್ಲಿ ಬಂದು ಥಟ್ಟನೆ ತಡೆದು ತಿರುಗುವಾಗ ಮೊಣಕಾಲಿನ ಮೇಲೆ ದೇಹದ ತೂಕಕ್ಕೂ ಮಿಗಿಲಾದ ಒತ್ತಡ ಬೀಳುತ್ತದೆ. ಇಂಥ ಆಟಗಳಲ್ಲಿ ಮೊಣಕಾಲಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಜಿಗಿದು ಮೊಣಕಾಲು ಒಳಕ್ಕೆ ವಾಲದಂತೆ ಮೆತ್ತಗೆ ಇಳಿಯುವುದು, ಒಂಟಿಕಾಲಿನ ಬಸ್ಕಿ, ತೊಡೆಯ ಹಿಂಭಾಗದ ಬಲವರ್ಧನೆ, ಇವುಗಳಿಂದ ಆ ಅಪಾಯ ಗಣನೀಯವಾಗಿ ತಗ್ಗುತ್ತದೆ. ತೂಕವೆತ್ತಿದರೆ ಮಕ್ಕಳು ಕುಳ್ಳಾಗುತ್ತಾರೆಂಬ ಭಯಕ್ಕೆ ಆಧಾರವಿಲ್ಲ. ಬಲ್ಲ ಗುರುವಿನ ಕಣ್ಣೆದುರು, ಹಗುರಾದ ತೂಕದಿಂದ ಆರಂಭಿಸಬೇಕು, ಅಷ್ಟೆ. ಬಲ್ಲವರಿಲ್ಲದೆ ತನ್ನ ಶಕ್ತಿ ಪರೀಕ್ಷಿಸಲು ಭಾರ ಎತ್ತುವುದು ಮಾತ್ರ ಸಲ್ಲದು.

ಸಸ್ಯಾಹಾರದಿಂದ ಬಲ ಬರುವುದೇ ಎಂದು ನಮ್ಮ ಮನೆಗಳಲ್ಲಿ ಅನೇಕ ತಾಯಂದಿರು ಕೇಳುತ್ತಾರೆ. ಬಲದ ಅಭ್ಯಾಸ ಮಾಡುವವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನು ಬೇಕು. 50 ಕಿಲೋ ತೂಕದವರಿಗೆ 80 ಗ್ರಾಂ. ನೂರು ಗ್ರಾಂ ಶೇಂಗಾದಲ್ಲಿ 25, ಅಷ್ಟೇ ಒಣ ಹೆಸರುಕಾಳಿನಲ್ಲಿ 24, ಅರ್ಧ ಲೀಟರು ಹಾಲಿನಲ್ಲಿ 16 ಗ್ರಾಂ ಇವೆ. ಉಳಿದುದನ್ನು ಜೋಳದ ರೊಟ್ಟಿಯೂ ಮೊಸರೂ ತುಂಬಿಕೊಡುತ್ತವೆ. ಪುಡಿಗಳ ದುಬಾರಿ ಡಬ್ಬಿ ಅನಿವಾರ್ಯವಲ್ಲ. ಹುಡುಗಿಯರಿಗೆ ಕಬ್ಬಿಣಾಂಶದ ಕೊರತೆ ಸಾಮಾನ್ಯವಾದುದರಿಂದ ರಕ್ತಪರೀಕ್ಷೆ ಮಾಡಿಸುವುದು ಲೇಸು. ಶಿವರಾತ್ರಿಯಂದು, ಶ್ರಾವಣ ಸೋಮವಾರಗಳಂದು ಉಪವಾಸವಿರುವ ಮಕ್ಕಳಿಗೆ ಆ ದಿನ ಕಠಿಣ ಅಭ್ಯಾಸವಿರಬಾರದು. ಗುರುಗಳಿಗೆ ಮುಂಚಿತವಾಗಿಯೇ ತಿಳಿಸಿದರೆ ವಿಶ್ರಾಂತಿಯ ದಿನವನ್ನು ಅಂದಿಗೇ ಹೊಂದಿಸಿಕೊಡುತ್ತಾರೆ.

ಕೊನೆಯದಾಗಿ, ಕುಸ್ತಿಯಲ್ಲಿ ಕಡಿಮೆ ತೂಕದ ವಿಭಾಗಕ್ಕೆ ಸೇರಬೇಕೆಂದು ನೀರು ಬಿಟ್ಟು, ಕಂಬಳಿ ಹೊದ್ದು ಬೆವರಿಳಿಸುವ ಚಾಳಿಯ ಬಗ್ಗೆ ಪಾಲಕರು ಕಠೋರರಾಗಿಯೇ ಇರಬೇಕು. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕವಿಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ಪ್ರಾಣ ಕಳೆದುಕೊಂಡರು. ಆ ಬಳಿಕ ಅಲ್ಲಿ ನಿಯಮಗಳೇ ಬದಲಾದವು. ಪಂದ್ಯದ ಹಿಂದಿನ ದಿನಗಳಲ್ಲಿ ಮಗನು ನೀರನ್ನು ದೂರವಿಟ್ಟರೆ, ಮೂತ್ರ ಗಾಢ ಹಳದಿಗೆ ತಿರುಗಿದರೆ, ನಿಂತಾಗ ತಲೆಸುತ್ತಿದರೆ, ಆ ಪಂದ್ಯವನ್ನು ಬಿಡಿಸಿ ಮುಂದಿನ ವರ್ಷ ಮೇಲಿನ ವಿಭಾಗದಲ್ಲಿ ಆಡಿಸತಕ್ಕದ್ದು.